ನಿರಂತರವಾಗಿ ನಡೆಯುವ ಸರ್ವರ್ ಸ್ಕ್ರಿಪ್ಟುಗಳಲ್ಲಿ ದೋಷನಿರ್ವಹಣೆ: ಉಚ್ಚಂಗಿ ಸೀಮೆಯ ಶಾಸನಸೂಚಿಯ ಒಂದು ನಿದರ್ಶನ

ಶಾಸನಗಳನ್ನು ಆಧರಿಸಿ ಚರಿತ್ರೆಯನ್ನು ಬರೆಯತಕ್ಕವರು ಎರಡು ಹೇಳಿಕೆಗಳನ್ನು ಸದಾ ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತಾರೆ. ‘ಈ ಊರಿನಲ್ಲಿ ಶಾಸನವಿಲ್ಲ’ ಎಂಬುದು ಒಂದು; ‘ಈ ಊರಿನ ಶಾಸನವನ್ನು ನಮ್ಮಿಂದ ಓದಲಾಗಲಿಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಊರನ್ನು ಕುರಿತ ನಿರ್ಣಯ. ಎರಡನೆಯದು ನಮ್ಮ ಪರಿಶೀಲನೆಯ ಮಿತಿಯನ್ನು ಕುರಿತ ಒಪ್ಪಿಗೆ. ಶಾಸನಸಂಪುಟಗಳನ್ನು ಗಣಕಯಂತ್ರದಲ್ಲಿ ಅಳವಡಿಸಿ, ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದಲೇ ಹುಡುಕಿ ನೋಡುವಂತೆ ಮಾಡುವ ಈ ಕಾಲದಲ್ಲಿ, ಈ ಭೇದವು ಯಾರ ಗಮನಕ್ಕೂ ಬಾರದೆ ಅಳಿಸಿಹೋಗುವ ಸಂಭವವುಂಟು. ಅದು ಅಳಿಸಿಹೋಗುವ ಬಗೆಯನ್ನೂ, ಅದನ್ನು ಉಳಿಸಿಕೊಳ್ಳುವ ಉಪಾಯವನ್ನೂ ಇಲ್ಲಿ ವಿವರಿಸಲು ಪ್ರಯತ್ನಪಟ್ಟಿದ್ದೇವೆ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದುದೆಂದು ಕೆಲವರಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು.

ನಮ್ಮ ನಿದರ್ಶನವು ಉಚ್ಚಂಗಿದುರ್ಗದ ಸುತ್ತಿನ ಸೀಮೆಗೆ ಸಂಬಂಧಪಟ್ಟುದು. ಉಚ್ಚಂಗಿಯು ನೊಳಂಬವಾಡಿಯನ್ನಾಳಿದ ಪಾಂಡ್ಯರ ದುರ್ಗವಾಗಿದ್ದುದೂ, ಹೊಯ್ಸಳ ಇಮ್ಮಡಿ ಬಲ್ಲಾಳನು ಅದನ್ನು ಗೆದ್ದುದೂ, ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳು ಅವನ ಶಾಸನಗಳಲ್ಲಿ ಕಾಣುವುದೂ ವಾಚಕರಿಗೆ ವಿದಿತವಾದ ವಿಷಯ. ಆದರೆ ಈ ಸೀಮೆಯನ್ನು ಅಭ್ಯಾಸಮಾಡುವವರಿಗೆ ಒಂದು ವಿಚಿತ್ರವಾದ ತೊಡಕುಂಟು. ದುರ್ಗದ ದಕ್ಷಿಣಕ್ಕೆ ಅನತಿದೂರದಲ್ಲಿರುವ ದಾವಣಗೆರೆ ತಾಲ್ಲೂಕು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು; ಅಲ್ಲಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ದೊರೆಯುತ್ತವೆ. ದುರ್ಗವಿರುವ ಹರಪನಹಳ್ಳಿ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟ ಬಳ್ಳಾರಿ ಜಿಲ್ಲೆಯ ಭಾಗ. ಇಲ್ಲಿನ ಶಾಸನಗಳಿಗಾಗಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟವನ್ನು ತೆರೆಯಬೇಕು. ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಹೀಗೆ ಒಂದೇ ನಾಡಿನ, ಒಂದೇ ರಾಜವಂಶದ ದಾಖಲೆಗಳು ಬೇರೆಬೇರೆ ಸರ್ಕಾರಗಳ ಬೇರೆಬೇರೆ ಗ್ರಂಥಗಳಲ್ಲಿ ಹಂಚಿಹೋಗಿವೆ. ಆಮೇಲೆ ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ವಿಜಯನಗರ ಜಿಲ್ಲೆಗೂ ಸೇರಿತು; ಜಿಲ್ಲೆಯ ಹೆಸರನ್ನು ಹಿಡಿದು ಹುಡುಕುವವರ ಪಾಡು ಹೇಳತಕ್ಕುದಲ್ಲ.

ಈ ಎರಡು ಆಕರಗಳನ್ನೂ ಒಟ್ಟಿಗೆ ಹುಡುಕಲು ಅನುಕೂಲವಾಗಲೆಂದು ನಾವು ಒಂದು ಚಿಕ್ಕ ಸೂಚಿಯನ್ನು ಸಿದ್ಧಪಡಿಸಿದೆವು. ದಾವಣಗೆರೆಯ ಭಾಗವನ್ನು ಮೊದಲು ಮಾಡಿದ್ದರಿಂದ ಅದು ಒಂದು ಕಡತದಲ್ಲಿತ್ತು. ಪ್ರೋಗ್ರಾಂ ಆರಂಭವಾದೊಡನೆ ಆ ಕಡತವನ್ನು ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಹರಪನಹಳ್ಳಿಯ ಭಾಗವನ್ನು ಅನಂತರ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಸೇರಿಸಿದೆವು. ಪೈಥಾನ್ ಭಾಷೆಯಲ್ಲಿ ಬರೆದ ಒಂದು ಸ್ಕ್ರಿಪ್ಟ್ ಸರ್ವರಿನಲ್ಲಿ ಹಗಲೂ ರಾತ್ರಿಯೂ ನಡೆಯುತ್ತಿದ್ದು, ಯಾರು ಯಾವ ಪದವನ್ನು ಕಳುಹಿಸಿದರೂ ಎರಡು ಕಡೆಯೂ ನೋಡಿ ಉತ್ತರವನ್ನು ಒಟ್ಟುಗೂಡಿಸಿ ಕೊಡುತ್ತಿತ್ತು.

ಒಮ್ಮೆ ಸ್ನಾತಕೋತ್ತರ ತರಗತಿಯ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧದ ಕರಡನ್ನು ತಂದಳು. ಅದರಲ್ಲಿ ಹರಪನಹಳ್ಳಿ ತಾಲ್ಲೂಕಿನ ಶಾಸನಗಳಲ್ಲಿ ‘ನೊಳಂಬವಾಡಿ’ ಎಂಬ ಹೆಸರು ಕಾಣುವುದಿಲ್ಲವೆಂದೂ, ಆದುದರಿಂದ ಆ ಹೆಸರು ದಕ್ಷಿಣದ ಹಳ್ಳಿಗಳಲ್ಲಿಯೇ ಹೆಚ್ಚು ರೂಢವಾಗಿದ್ದಿರಬೇಕೆಂದೂ ಬರೆದಿದ್ದಳು. ನಾವು ಬೆರಗಾದೆವು. ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳನ್ನು ಒಮ್ಮೆ ಕಣ್ಣಾಡಿಸಿದವರೂ ಹೀಗೆ ಬರೆಯಲಾರರು. ಎಲ್ಲಿ ನೋಡಿದೆಯಮ್ಮಾ ಎಂದು ಕೇಳಿದರೆ, ‘ನಿಮ್ಮ ಸೂಚಿಯಲ್ಲೇ ನೋಡಿದೆ ಸರ್, ಎರಡು ಸಲ ನೋಡಿದೆ’ ಎಂದಳು. ‘ನೊಣಂಬವಾಡಿ’ ಎಂಬ ಪಾಠಾಂತರವನ್ನೂ ಹುಡುಕಿದ್ದಳು, ತಪ್ಪು ಅವಳದಾಗಿರಲಿಲ್ಲ. ನಾವು ಅವಳೆದುರಿಗೇ ಹುಡುಕಿದೆವು. ದಾವಣಗೆರೆಯ ಶಾಸನಗಳು ಸಾಲಾಗಿ ಬಂದವು; ಹರಪನಹಳ್ಳಿಯ ಶೀರ್ಷಿಕೆಯ ಕೆಳಗೆ ‘ಯಾವ ಶಾಸನವೂ ದೊರೆಯಲಿಲ್ಲ’ ಎಂಬ ಒಂದು ವಾಕ್ಯವಿತ್ತು. ಆ ವಾಕ್ಯವನ್ನು ಬರೆದವರು ನಾವೇ.

ಸಾಮಾನ್ಯವಾಗಿ ಕಚೇರಿಗಳಲ್ಲಿ, ಪಡಿತರದ ಅಂಗಡಿಗಳಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳಿ ಜನ ಬೇಸರಪಡುತ್ತಾರೆ. ಆ ಮಾತಿನಲ್ಲಿ ಎಷ್ಟೇ ತೊಂದರೆಯಿದ್ದರೂ ಒಂದು ಗುಣವುಂಟು, ಅದು ನಿಜ. ನಿಮ್ಮ ಹೆಸರಿನಲ್ಲಿ ಪಹಣಿಯೇ ಇಲ್ಲವೆಂದು ಅದು ಹೇಳುವುದಿಲ್ಲ. ನಮ್ಮ ಸೂಚಿಯು ಅಂತಹ ಸುಳ್ಳನ್ನು ಶುದ್ಧವಾದ ಕನ್ನಡದಲ್ಲಿ ಹೇಳುತ್ತಿದ್ದಿತು.

ಇದರ ಕಾರಣವನ್ನು ತಿಳಿಯಬೇಕಾದರೆ ಸರ್ವರ್ ಸ್ಕ್ರಿಪ್ಟುಗಳಲ್ಲಿ ಎರಡು ಬಗೆಯುಂಟೆಂಬುದನ್ನು ಗಮನಿಸಬೇಕು. 1993ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ಗಣನ ಕೇಂದ್ರದವರು ರೂಪಿಸಿದ ‘ಕಾಮನ್ ಗೇಟ್‌ವೇ ಇಂಟರ್‌ಫೇಸ್’ ಎಂಬ ಪದ್ಧತಿಯಲ್ಲಿ, ಒಂದು ಕೋರಿಕೆ ಬಂದೊಡನೆ ಸ್ಕ್ರಿಪ್ಟ್ ಹುಟ್ಟುತ್ತಿತ್ತು. ಉತ್ತರ ಕೊಟ್ಟೊಡನೆ ಸಾಯುತ್ತಿತ್ತು. ನಡುವೆ ದೋಷವುಂಟಾದರೆ ಅಲ್ಲಿಯೇ ಬಿದ್ದುಹೋದರೂ ಹೆಚ್ಚಿನ ಹಾನಿಯಿಲ್ಲ. ಅದು ತೆರೆದಿಟ್ಟ ಕಡತಗಳನ್ನು, ಹಿಡಿದಿದ್ದ ಮೆಮೊರಿಯನ್ನು, ಡೇಟಾಬೇಸಿನೊಡನೆ ಇದ್ದ ಸಂಪರ್ಕವನ್ನು ಕಾರ್ಯವ್ಯವಸ್ಥೆಯೇ ಹಿಂದಕ್ಕೆ ಪಡೆದುಕೊಳ್ಳುತ್ತಿತ್ತು. ಆದರೆ ಪ್ರತಿಯೊಂದು ಕೋರಿಕೆಗೂ ಹೊಸದಾಗಿ ಹುಟ್ಟುವುದು ವಿಳಂಬಕ್ಕೆ ಕಾರಣ. ಆದುದರಿಂದ 1996ರ ಸುಮಾರಿಗೆ ಮಾಡ್‌ಪರ್ಲ್, ಫಾಸ್ಟ್‌ಸಿಜಿಐ ಮೊದಲಾದ ಉಪಾಯಗಳು ಬಂದವು; 2009ರಲ್ಲಿ ನೋಡ್‌ಜೆಎಸ್ ಬಂದಿತು. ಇವುಗಳಲ್ಲಿ ಸ್ಕ್ರಿಪ್ಟ್ ಒಮ್ಮೆ ಹುಟ್ಟಿದರೆ ಸಾವಿರಾರು ಕೋರಿಕೆಗಳಿಗೆ ಉತ್ತರ ಕೊಡುತ್ತ ದಿನಗಟ್ಟಲೆ, ವಾರಗಟ್ಟಲೆ ಬದುಕಿರುತ್ತದೆ. ಛತ್ರದಲ್ಲಿ ಒಂದು ರಾತ್ರಿ ತಂಗಿದವನು ಬಿಟ್ಟುಹೋದ ಕಸವನ್ನು ಬೆಳಿಗ್ಗೆ ಛತ್ರದವರು ಗುಡಿಸುತ್ತಾರೆ. ಮನೆಯಲ್ಲಿಯೇ ವಾಸವಾಗಿರುವವನು ತನ್ನ ಕಸವನ್ನು ತಾನೇ ಗುಡಿಸಿಕೊಳ್ಳಬೇಕು. ಎರಡನೆಯ ಬಗೆಯ ಸ್ಕ್ರಿಪ್ಟುಗಳಲ್ಲಿ ದೋಷನಿರ್ವಹಣೆಯು ಪ್ರತ್ಯೇಕವಾದ ಒಂದು ಶಿಸ್ತಾಗಿ ಬೆಳೆದುದಕ್ಕೆ ಇದೇ ಕಾರಣ.

ನಮ್ಮ ಸ್ಕ್ರಿಪ್ಟ್ ಆರಂಭವಾದಾಗ ಡೇಟಾಬೇಸಿನೊಡನೆ ಒಂದು ಸಂಪರ್ಕವನ್ನು ತೆರೆದು ಅದನ್ನೇ ಎಲ್ಲ ಕೋರಿಕೆಗಳಿಗೂ ಬಳಸುತ್ತಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ, ಯಾರೂ ಬೇರೆ ಏರ್ಪಾಡು ಮಾಡದಿದ್ದರೆ, 28,800 ಸೆಕೆಂಡುಗಳ ಕಾಲ ಸುಮ್ಮನಿದ್ದ ಸಂಪರ್ಕವನ್ನು ಡೇಟಾಬೇಸು ತಾನಾಗಿ ಕಡಿದುಹಾಕುತ್ತದೆ. ಅಂದರೆ ಎಂಟು ಗಂಟೆ. ಕಾಲೇಜು ಸಂಜೆ ಮುಚ್ಚಿ ಮರುದಿನ ಬೆಳಿಗ್ಗೆ ತೆರೆಯುವಷ್ಟರಲ್ಲಿ ಎಂಟು ಗಂಟೆಗಳು ಎಂದೋ ಕಳೆದಿರುತ್ತವೆ. ಬೆಳಿಗ್ಗೆ ಮೊದಲು ಹುಡುಕಿದವರ ಕೋರಿಕೆಯನ್ನು ಸ್ಕ್ರಿಪ್ಟ್ ಕಡಿದುಹೋದ ಸಂಪರ್ಕದ ಮೂಲಕ ಕಳುಹಿಸುತ್ತಿತ್ತು. ಡೇಟಾಬೇಸು ಇಲ್ಲವೆಂಬ ದೋಷ ಹಿಂದಿರುಗುತ್ತಿತ್ತು. ಅಲ್ಲಿಯವರೆಗೆ ಆದುದು ಯಾರಿಗಾದರೂ ಆಗತಕ್ಕುದೇ. ಮುಂದಿನದು ನಮ್ಮ ಅಪರಾಧ. ಸೂಚಿಯು ಯಾವ ಕಾರಣಕ್ಕೂ ನಿಲ್ಲಬಾರದೆಂಬ ಆಸೆಯಿಂದ, ಯಾವುದೇ ದೋಷ ಬಂದರೂ ಅದನ್ನು ಹಿಡಿದು, ಏನೂ ಮಾಡದೆ, ಖಾಲಿ ಪಟ್ಟಿಯೊಂದನ್ನು ಹಿಂದಿರುಗಿಸುವಂತೆ ನಾವು ಬರೆದಿದ್ದೆವು. ಖಾಲಿ ಪಟ್ಟಿಯು ಪರದೆಯ ಮೇಲೆ ‘ಯಾವ ಶಾಸನವೂ ದೊರೆಯಲಿಲ್ಲ’ ಎಂದಾಗುತ್ತಿತ್ತು.

ಇಷ್ಟು ದಿನ ಇದು ಏಕೆ ಬೆಳಕಿಗೆ ಬರಲಿಲ್ಲವೆಂಬುದು ಸ್ವಾರಸ್ಯವಾದ ಪ್ರಶ್ನೆ. ಕರೆಂಟು ಹೋಗಿ ಬಂದ ದಿನ ಯಂತ್ರವು ಹೊಸದಾಗಿ ಆರಂಭವಾಗಿ, ಸಂಪರ್ಕವೂ ಹೊಸದಾಗಿ ಏರ್ಪಡುತ್ತಿತ್ತು. ಆ ದಿನ ಎಲ್ಲವೂ ಸರಿ. ಕರೆಂಟು ಚೆನ್ನಾಗಿದ್ದ ದಿನಗಳಲ್ಲಿ ಹರಪನಹಳ್ಳಿಯ ಶಾಸನಗಳು ಮಾಯವಾಗುತ್ತಿದ್ದವು. ನಮ್ಮ ಸೀಮೆಯ ವಿದ್ಯುತ್ತಿನ ತೊಂದರೆಯೇ ನಮ್ಮ ದೋಷವನ್ನು ಆಗಾಗ ತಿದ್ದುತ್ತಿದ್ದಿತೆಂಬುದು ನಗೆಗೆ ಕಾರಣವಾದರೂ, ದೀರ್ಘಕಾಲ ನಡೆಯುವ ಪ್ರೋಗ್ರಾಂಗಳ ದೋಷಗಳಿಗೆ ಇದು ಲಕ್ಷಣಪ್ರಾಯವಾದ ಸಂಗತಿ. ಅವು ಕಾಲವನ್ನು ಅವಲಂಬಿಸಿರುತ್ತವೆ. ಪರೀಕ್ಷೆ ಮಾಡುವ ಹತ್ತು ನಿಮಿಷಗಳಲ್ಲಿ ಕಾಣುವುದಿಲ್ಲ; ಹತ್ತನೆಯ ಗಂಟೆಯಲ್ಲಿ ಕಾಣುತ್ತವೆ.

ಹಾಗಾದರೆ ದೋಷವನ್ನು ಹಿಡಿಯಬಾರದೆ? ಹಿಡಿಯಬೇಕು, ಆದರೆ ಹಿಡಿದವನಿಗೆ ಅದನ್ನು ಏನು ಮಾಡಬೇಕೆಂಬುದು ತಿಳಿದಿರಬೇಕು. ಸಂಪರ್ಕ ಕಡಿದಿದೆಯೆಂಬ ದೋಷಕ್ಕೆ ಪರಿಹಾರವುಂಟು: ಹೊಸ ಸಂಪರ್ಕವನ್ನು ತೆರೆದು ಮತ್ತೊಮ್ಮೆ ಕೇಳುವುದು. ಮತ್ತೆ ಸೋತರೆ ಒಂದು ಸೆಕೆಂಡು, ಆಮೇಲೆ ಎರಡು, ಆಮೇಲೆ ನಾಲ್ಕು ಎಂದು ಅಂತರವನ್ನು ಹೆಚ್ಚಿಸುತ್ತ ಕೆಲವು ಬಾರಿ ಪ್ರಯತ್ನಿಸಿ ನಿಲ್ಲಿಸುವುದು. ಬಿಡದೆ ಬಾಗಿಲು ಬಡಿಯುತ್ತಿದ್ದರೆ, ಆಗತಾನೆ ಏಳುತ್ತಿರುವ ಡೇಟಾಬೇಸು ಮತ್ತೆ ಮಲಗೀತು. ಇಲ್ಲಿ ಒಂದು ಎಚ್ಚರಿಕೆಯುಂಟು. ಓದುವ ಕೋರಿಕೆಯನ್ನು ಎಷ್ಟು ಸಲ ಕಳುಹಿಸಿದರೂ ಬಾಧೆಯಿಲ್ಲ. ಬರೆಯುವ ಕೋರಿಕೆ ಹಾಗಲ್ಲ. ಹೊಸ ಶಾಸನವೊಂದನ್ನು ಸೇರಿಸುವ ಆಜ್ಞೆಯನ್ನು ಕಳುಹಿಸಿ, ಉತ್ತರ ಬಾರದಿದ್ದಾಗ ಮತ್ತೆ ಕಳುಹಿಸಿದರೆ, ಮೊದಲನೆಯದು ತಲಪಿಯೂ ಉತ್ತರ ಮಾತ್ರ ತಪ್ಪಿಹೋಗಿದ್ದ ಪಕ್ಷದಲ್ಲಿ, ಒಂದೇ ಶಾಸನ ಎರಡಾಗುತ್ತದೆ. ಪ್ರತಿಯೊಂದು ಶಾಸನಕ್ಕೂ ಸಂಪುಟ ಮತ್ತು ಕ್ರಮಸಂಖ್ಯೆಯನ್ನೇ ಗುರುತಾಗಿಟ್ಟು, ಆ ಗುರುತು ಎರಡನೆಯ ಸಲ ಬಂದರೆ ಡೇಟಾಬೇಸು ಒಪ್ಪದಂತೆ ಮಾಡುವುದು ಇದಕ್ಕೆ ತಕ್ಕ ಉಪಾಯ.

ಇನ್ನೊಂದು ದೋಷವು ಕನ್ನಡದವರಿಗೇ ವಿಶೇಷವಾದುದು. ನಮ್ಮ ಪಾಠಗಳಲ್ಲಿ ಕೆಲವನ್ನು ಹಿಂದೆ ನುಡಿ ಲಿಪಿತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಲಾಗಿತ್ತು. ಆ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಲಿಪಿಯ ಸಂಕೇತಸಂಖ್ಯೆಗಳ ಸ್ಥಾನದಲ್ಲಿ ಕೂತಿರುತ್ತವೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತಾದರೂ, ಬೆರಳಚ್ಚಿನ ರೂಢಿಯು ಬಹುಕಾಲ ಹಳೆಯ ದಾರಿಯನ್ನೇ ಹಿಡಿದಿತ್ತು. ಯೂನಿಕೋಡಿನ ಕಡತವೆಂದು ಭಾವಿಸಿ ಓದುತ್ತಿರುವ ಸ್ಕ್ರಿಪ್ಟಿಗೆ ನಡುವೆ ಇಂತಹ ಹಳೆಯ ಪಾಠವು ಎದುರಾದರೆ, ಅಲ್ಲಿನ ಸಂಕೇತಗಳು ಅರ್ಥವಾಗದೆ ದೋಷವನ್ನು ಎತ್ತುತ್ತದೆ. ಆಗ ಏನು ಮಾಡಬೇಕೆಂಬುದಕ್ಕೆ ಪೈಥಾನ್ ಭಾಷೆಯಲ್ಲಿ ಹಲವು ಆಯ್ಕೆಗಳಿವೆ. ಅವುಗಳಲ್ಲಿ ಮೂರು ಮುಖ್ಯವಾದವು. ‘ಸ್ಟ್ರಿಕ್ಟ್’ ಎಂದರೆ ಓದುವುದನ್ನು ಅಲ್ಲಿಯೇ ನಿಲ್ಲಿಸಿ ದೋಷವನ್ನು ಸಾರುವುದು; ‘ರಿಪ್ಲೇಸ್’ ಎಂದರೆ ಓದಲಾಗದ ಸ್ಥಳದಲ್ಲಿ ಒಂದು ಗುರುತನ್ನಿಟ್ಟು ಮುಂದುವರಿಯುವುದು; ‘ಇಗ್ನೋರ್’ ಎಂದರೆ ಓದಲಾಗದುದನ್ನು ಬಿಟ್ಟು, ಉಳಿದುದನ್ನು ಒತ್ತೊತ್ತಾಗಿ ಸೇರಿಸಿಬಿಡುವುದು.

ಶಾಸನಶಾಸ್ತ್ರವನ್ನು ಅಭ್ಯಾಸಮಾಡಿದವರಿಗೆ ಈ ಮೂರರ ತಾರತಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ತ್ರುಟಿತವಾದ ಕಲ್ಲಿನ ಪಡಿಯಚ್ಚನ್ನು ಓದುವಾಗ, ಅಕ್ಷರ ಸವೆದುಹೋದ ಕಡೆ ನಾವು ಚುಕ್ಕೆಗಳನ್ನಿಡುತ್ತೇವೆ. ಸಂದೇಹವಿರುವ ಅಕ್ಷರವನ್ನು ಚೌಕ ಕಂಸದೊಳಗೆ ಇಡುತ್ತೇವೆ. ಸಂಪಾದಕನು ಊಹಿಸಿ ತುಂಬಿದುದಕ್ಕೆ ಬೇರೆ ಗುರುತು ಹಾಕುತ್ತೇವೆ. ಚುಕ್ಕೆಗಳನ್ನಿಡದೆ, ಎಡಬಲದ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿ ಅಚ್ಚುಮಾಡಿದ ಸಂಪಾದಕನನ್ನು ಯಾವ ವಿದ್ವತ್ಪರಿಷತ್ತು ಕ್ಷಮಿಸೀತು? ‘ಇಗ್ನೋರ್’ ಎಂಬುದು ಅದನ್ನೇ ಮಾಡುತ್ತದೆ. ಕೆಲಸ ಬೇಗ ಮುಗಿಯಲೆಂದು ನಾವು ಅದನ್ನೇ ಬರೆದಿದ್ದೆವೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಕಲ್ಲಿನ ಮುಂದೆ ನಿಂತಾಗ ಇದ್ದ ಎಚ್ಚರ ಯಂತ್ರದ ಮುಂದೆ ಕುಳಿತಾಗ ಇರಲಿಲ್ಲ. ಈಗ ಹೊಸ ಪಾಠವನ್ನು ಸೇರಿಸುವಾಗ ‘ಸ್ಟ್ರಿಕ್ಟ್’ ಎಂದೂ, ಸೇರಿಸಿದುದನ್ನು ತೋರಿಸುವಾಗ ‘ರಿಪ್ಲೇಸ್’ ಎಂದೂ ಇಟ್ಟಿದ್ದೇವೆ. ಸೇರಿಸುವ ಘಟ್ಟದಲ್ಲಿ ನಿಲ್ಲಿಸಿದರೆ ತಿದ್ದುವವರು ಎದುರಿಗೇ ಇರುತ್ತಾರೆ. ಓದುವ ಘಟ್ಟದಲ್ಲಿ ನಿಲ್ಲಿಸಿದರೆ ಓದುವವನು ಒಂದು ಕೆಟ್ಟ ಅಕ್ಷರಕ್ಕಾಗಿ ಇಡೀ ಶಾಸನವನ್ನು ಕಳೆದುಕೊಳ್ಳುತ್ತಾನೆ.

ಒಂದು ಕೋರಿಕೆಯ ಶೇಷವು ಮತ್ತೊಂದಕ್ಕೆ ಅಂಟಿಕೊಳ್ಳುವುದು ಮೂರನೆಯ ಅಪಾಯ. ಇದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅರ್ಧದಲ್ಲಿ ದೋಷ ಬಂದು ಕೆಲಸ ನಿಂತಾಗ, ತೆರೆದ ಕಡತ ತೆರೆದೇ ಉಳಿಯಬಹುದು. ಹಾಕಿದ ಬೀಗ ಹಾಗೆಯೇ ಉಳಿಯಬಹುದು. ಡೇಟಾಬೇಸಿನಲ್ಲಿ ಅರ್ಧ ಬರೆದ ವ್ಯವಹಾರವು ಮುಂದಿನವರ ವ್ಯವಹಾರದೊಡನೆ ಸೇರಿಹೋಗಬಹುದು. ಆದುದರಿಂದ ಪೈಥಾನಿನ ‘ಫೈನಲಿ’, ‘ವಿತ್’ ಎಂಬ ರಚನೆಗಳಿಂದ, ಕೆಲಸ ಸಫಲವಾಗಲಿ ವಿಫಲವಾಗಲಿ, ಬಿಡತಕ್ಕುದನ್ನು ಬಿಟ್ಟೇ ಹೊರಬರುವಂತೆ ಬರೆಯಬೇಕು. ಅರ್ಧವಾದ ವ್ಯವಹಾರವನ್ನು ರದ್ದುಮಾಡಬೇಕು. ಒಬ್ಬರ ಕೋರಿಕೆಗೆ ಸೇರಿದ ಯಾವ ಸಂಗತಿಯನ್ನೂ ಎಲ್ಲರಿಗೂ ಸಾಮಾನ್ಯವಾದ ಸ್ಥಳದಲ್ಲಿ ಇಡಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಎಂದೂ ಎಣಿಸದ ದೋಷಗಳು ಬಂದೇ ಬರುತ್ತವೆ. ಅವುಗಳ ವಿಷಯದಲ್ಲಿ ಸ್ವೀಡನ್ ದೇಶದ ಎರಿಕ್‌ಸನ್ ದೂರವಾಣಿ ಸಂಸ್ಥೆಯಲ್ಲಿ 1986ರಿಂದ ರೂಪುಗೊಂಡ ಅರ್ಲಾಂಗ್ ಭಾಷೆಯವರ ಅಭಿಪ್ರಾಯ ಗಮನಾರ್ಹವಾದುದು. ಆ ಭಾಷೆಯ ಕರ್ತೃಗಳಲ್ಲೊಬ್ಬರಾದ ಜೋ ಆರ್ಮ್‌ಸ್ಟ್ರಾಂಗ್ ಅವರು 2003ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಏನಾಯಿತೆಂದು ತಿಳಿಯದ ಸ್ಥಿತಿಯಲ್ಲಿ ಪ್ರೋಗ್ರಾಂ ಎಳೆದಾಡಿಕೊಂಡು ಬದುಕಿರುವುದಕ್ಕಿಂತ ಒಡನೆ ಬೀಳುವುದು ಲೇಸು. ಆದರೆ ಅದು ಬಿದ್ದುದನ್ನು ನೋಡಿ ಹೊಸದಾಗಿ ಎಬ್ಬಿಸುವ ಮೇಲ್ವಿಚಾರಕನೊಬ್ಬನು ಬೇರೆಯಾಗಿ ಇರಬೇಕು. ಒಂದು ಭಾಗದ ಪತನವು ನೆರೆಯ ಭಾಗವನ್ನು ಕೆಡವಬಾರದು ಎಂಬುದು ಅದರ ತಾತ್ಪರ್ಯ. ಹೊರಕೋಟೆ ಬಿದ್ದರೂ ಒಳಕೋಟೆ ನಿಲ್ಲುವಂತೆ ಸುತ್ತುಸುತ್ತಾಗಿ ಕಟ್ಟಿದ ಗಿರಿದುರ್ಗಗಳನ್ನು ಕಂಡವರಿಗೆ ಇದರ ಯುಕ್ತಿ ಸುಲಭವಾಗಿ ಹಿಡಿಸೀತು. ನೋಡ್‌ಜೆಎಸ್‌ನವರೂ ಕೊನೆಗೆ ಈ ಕಡೆಗೇ ಬಂದರು. ಯಾರೂ ಹಿಡಿಯದೆ ಬಿಟ್ಟ ಒಂದು ಬಗೆಯ ದೋಷಕ್ಕೆ ಮೊದಲು ಎಚ್ಚರಿಕೆಯನ್ನು ಮಾತ್ರ ಅಚ್ಚುಮಾಡುತ್ತಿದ್ದವರು, 2020ರ 15ನೆಯ ಆವೃತ್ತಿಯಿಂದ ಪ್ರೋಗ್ರಾಮನ್ನೇ ನಿಲ್ಲಿಸುವಂತೆ ಮಾಡಿದರು.

ಲಿನಕ್ಸ್ ಯಂತ್ರಗಳಲ್ಲಿ ಮೇಲ್ವಿಚಾರಕನ ಕೆಲಸವನ್ನು ಸಾಮಾನ್ಯವಾಗಿ ಸಿಸ್ಟಂಡಿ ಮಾಡುತ್ತದೆ. ನಿಧಾನವಾಗಿ ಮೆಮೊರಿಯನ್ನು ನುಂಗುವ ಪ್ರೋಗ್ರಾಂಗಳಿಗಾಗಿ, ಇಂತಿಷ್ಟು ಕೋರಿಕೆಗಳಾದ ಮೇಲೆ ಸ್ಕ್ರಿಪ್ಟನ್ನು ತಾನಾಗಿ ಮುಗಿಸಿ ಹೊಸದನ್ನು ಆರಂಭಿಸುವ ಏರ್ಪಾಡು ಅಪಾಚೆ ಸರ್ವರಿನಲ್ಲಿ ಬಹುಕಾಲದಿಂದಲೂ ಇದೆ. ಇದು ಚಿಕಿತ್ಸೆಯಲ್ಲ, ಉಪಶಮನ. ನಮ್ಮಲ್ಲಿ ಕರೆಂಟು ಹೋಗಿ ಬರುತ್ತಿದ್ದುದು ಮಾಡಿದ ಕೆಲಸವನ್ನೇ ಇದು ಕ್ರಮವಾಗಿ ಮಾಡುತ್ತದೆ. ಆದರೆ ಹೀಗೆ ಎಬ್ಬಿಸುವುದರಿಂದ ಮೂಲದೋಷವು ಮುಚ್ಚಿಹೋಗುವ ಅಪಾಯವುಂಟಾದ್ದರಿಂದ, ಪ್ರತಿ ಪತನಕ್ಕೂ ಲಿಖಿತ ದಾಖಲೆ ಇರಬೇಕಾದುದು ಅವಶ್ಯಕ.

ಆ ದಾಖಲೆಗೆ ಲಾಗ್ ಎಂದು ಹೆಸರು. ಚರಿತ್ರೆಯವರಾದ ನಮಗೆ ಇದರ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳುವ ಹಕ್ಕುಂಟೆಂದು ಭಾವಿಸುತ್ತೇವೆ. ‘ದೋಷವುಂಟಾಯಿತು’ ಎಂದು ಮಾತ್ರ ಬರೆದ ಲಾಗು, ಕಾಲವನ್ನೂ ದಾನಿಯನ್ನೂ ಹೇಳದೆ ‘ದಾನ ಕೊಟ್ಟರು’ ಎಂದು ಮಾತ್ರ ಬರೆದ ಶಾಸನದಂತೆ ನಿರುಪಯೋಗಿ. ಒಳ್ಳೆಯ ದಾನಶಾಸನದಲ್ಲಿ ಆಳುವ ಅರಸು, ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಕೊಟ್ಟವನು, ಪಡೆದವನು, ಭೂಮಿಯ ಎಲ್ಲೆ ಎಲ್ಲವೂ ಇರುತ್ತವೆ. ಅವುಗಳಲ್ಲಿ ಒಂದು ಸವೆದರೂ ಉಳಿದುವುಗಳಿಂದ ಕಾಲವನ್ನು ಕಟ್ಟಬಹುದು. ಹಾಗೆಯೇ ಲಾಗಿನ ಪ್ರತಿಯೊಂದು ಸಾಲಿನಲ್ಲೂ ಕಾಲ, ಸ್ಕ್ರಿಪ್ಟಿನ ಆವೃತ್ತಿ, ಕೋರಿಕೆಯ ಗುರುತು, ಹುಡುಕಿದ ಪದ, ಯಾವ ಆಕರ, ಯಾವ ಹಂತ, ದೋಷದ ಮೂಲವಾಕ್ಯ ಇಷ್ಟು ಇರಬೇಕು. ಹುಡುಕಿದವರ ಹೆಸರು ಬೇಕಾಗಿಲ್ಲ, ಇಡಲೂಬಾರದು. ನಮ್ಮ ಹಳೆಯ ಸ್ಕ್ರಿಪ್ಟ್ ಇಂತಹ ಲಾಗನ್ನು ಬರೆದಿದ್ದರೆ, ಬೆಳಗಿನ ಹೊತ್ತಿನ ಕೋರಿಕೆಗಳೇ ಸೋಲುತ್ತಿವೆ ಎಂಬುದು ಒಂದು ವಾರದಲ್ಲಿ ಕಣ್ಣಿಗೆ ಬೀಳುತ್ತಿತ್ತು. ಲಾಗು ಬೆಳೆದು ಬೆಳೆದು ಡಿಸ್ಕನ್ನು ತುಂಬಿ, ಅದೇ ಒಂದು ದೋಷಕ್ಕೆ ಕಾರಣವಾಗುವುದೂ ಉಂಟು. ಹಳೆಯ ಲಾಗುಗಳನ್ನು ದಿನಾಂಕದ ಪ್ರಕಾರ ಬೇರ್ಪಡಿಸಿ ಅಡಕಮಾಡಿ ಇಡುವ ಏರ್ಪಾಡು ಮೊದಲೇ ಇರಬೇಕು.

ಓದುವವನಿಗೆ ಏನು ಹೇಳಬೇಕೆಂಬುದು ಉಳಿಯಿತು. ಇದಕ್ಕೆ ವೆಬ್ಬಿನ ನಿಯಮಗಳಲ್ಲಿಯೇ ದಾರಿಯುಂಟು. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿಯ ವಿವರಣೆಯಲ್ಲಿ ಪ್ರತಿಯೊಂದು ಉತ್ತರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿದ್ದಾರೆ. 200 ಎಂದರೆ ಕೆಲಸ ಸರಿಯಾಗಿ ನಡೆಯಿತು. 404 ಎಂದರೆ ಕೇಳಿದುದು ಇಲ್ಲಿಲ್ಲ. 500 ಎಂದರೆ ಸರ್ವರಿನಲ್ಲಿ ದೋಷ. 503 ಎಂದರೆ ಸದ್ಯಕ್ಕೆ ಸೇವೆ ದೊರೆಯದು, ಅನಂತರ ಬನ್ನಿ. ಹುಡುಕಿ ನೋಡಿ ಏನೂ ದೊರೆಯದ ಖಾಲಿ ಪಟ್ಟಿಗೆ 200 ತಕ್ಕುದೇ. ಹುಡುಕಲಾಗದ ಸಂದರ್ಭಕ್ಕೆ 503 ಸಲ್ಲಬೇಕು. ಈ ಲೇಖನದ ಮೊದಲಲ್ಲಿ ಹೇಳಿದ ಎರಡು ಹೇಳಿಕೆಗಳು ಇಲ್ಲಿ ಎರಡು ಸಂಖ್ಯೆಗಳಾಗಿ ನಿಂತಿವೆ. ನಮ್ಮ ಸ್ಕ್ರಿಪ್ಟ್ ಎರಡಕ್ಕೂ 200 ಎಂದೇ ಹೇಳುತ್ತಿತ್ತು.

ಎರಡು ಆಕರಗಳಲ್ಲಿ ಒಂದು ಮಾತ್ರ ಸೋತಾಗ ಏನು ಮಾಡಬೇಕೆಂಬುದರಲ್ಲಿ ನಮ್ಮಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಪೂರ್ತಿಯಾಗಿ ನಿಲ್ಲಿಸಬೇಕೆಂದು ಕೆಲವರು; ದೊರೆತಷ್ಟನ್ನು ಕೊಡಬೇಕೆಂದು ಕೆಲವರು. ದೊರೆತಷ್ಟನ್ನು ಕೊಡುವುದೇ ಸರಿಯೆಂದು ನಮಗೆ ತೋರುತ್ತದೆ, ಆದರೆ ಚುಕ್ಕೆಗಳನ್ನಿಡದೆ ಕೊಡತಕ್ಕುದಲ್ಲ. ಈಗ ಪ್ರತಿಯೊಂದು ಉತ್ತರದ ಮೇಲೂ ಯಾವ ಯಾವ ಸಂಪುಟಗಳನ್ನು ನೋಡಲಾಯಿತು, ಯಾವುದನ್ನು ನೋಡಲಾಗಲಿಲ್ಲ ಎಂಬ ಸಾಲೊಂದು ಬರುತ್ತದೆ. ನೋಡಲಾಗದ ಸಂಪುಟದ ಕೆಳಗೆ ‘ಈ ಆಕರವನ್ನು ಈಗ ಪರಿಶೀಲಿಸಲಾಗಲಿಲ್ಲ’ ಎಂದಿರುತ್ತದೆ. ಅದನ್ನು ಅಚ್ಚುಹಾಕಿಕೊಂಡರೆ ಆ ಸಾಲೂ ದಿನಾಂಕವೂ ಕಾಗದದ ಮೇಲೆ ಬರುತ್ತವೆ. ಸಂಪರ್ಕವನ್ನು ಬಳಸುವ ಮುನ್ನ ಅದು ಜೀವಂತವಾಗಿದೆಯೆ ಎಂದು ಪರೀಕ್ಷಿಸುವಂತೆಯೂ ಮಾಡಿದ್ದೇವೆ. ಇದಲ್ಲದೆ ಪ್ರತಿ ಐದು ನಿಮಿಷಕ್ಕೊಮ್ಮೆ, ಎರಡು ಆಕರಗಳಲ್ಲಿಯೂ ಖಂಡಿತವಾಗಿ ಇರುವ ಒಂದೊಂದು ಪದವನ್ನು ಯಂತ್ರವು ತಾನೇ ಹುಡುಕಿ ನೋಡುತ್ತದೆ. ಹರಪನಹಳ್ಳಿಯ ಭಾಗಕ್ಕೆ ನಾವು ಆರಿಸಿಕೊಂಡಿರುವ ಪದ ‘ನೊಳಂಬವಾಡಿ’.

ವಿದ್ಯಾರ್ಥಿನಿಯು ತನ್ನ ಕರಡಿನ ಆ ಪುಟವನ್ನು ಹೊಡೆದುಹಾಕಿ, 9ನೆಯ ಸಂಪುಟವನ್ನು ಗ್ರಂಥಾಲಯದಿಂದ ತರಿಸಿಕೊಂಡು ಮತ್ತೆ ಬರೆದಳು. ಆದರೆ ಸೂಚಿಯನ್ನು ಬಳಸಿದವರು ಅವಳೊಬ್ಬಳೇ ಅಲ್ಲ. ಲಾಗು ಇಲ್ಲದಿದ್ದುದರಿಂದ ಯಾರು ಯಾವ ಬೆಳಿಗ್ಗೆ ಖಾಲಿ ಉತ್ತರವನ್ನು ಪಡೆದರೆಂಬುದನ್ನು ಈಗ ಕಂಡುಹಿಡಿಯುವಂತಿಲ್ಲ. ಆದುದರಿಂದ ನಮ್ಮ ಸೂಚಿಯನ್ನು ಅದರ ಹಳೆಯ ರೂಪದಲ್ಲಿ ಬಳಸಿ, ಹರಪನಹಳ್ಳಿ ತಾಲ್ಲೂಕಿನ ವಿಷಯದಲ್ಲಿ ‘ಇಲ್ಲ’ ಎಂದು ಎಲ್ಲಿಯಾದರೂ ಬರೆದಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ದಯವಿಟ್ಟು ಮತ್ತೊಮ್ಮೆ ಹುಡುಕಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಉತ್ತರದ ಮೇಲೆ ಸಂಪುಟಗಳ ಸಾಲು ಇಲ್ಲದ ಪ್ರತಿಯೆಲ್ಲವೂ ಹಳೆಯದು.